ಎಂಜಿನ್ ಇಳಿಸುವ ಮುಂಚೆ ಅರ್ಧ ಇಂಚು ಅಳೆಯಿರಿ

ಪ್ರಶ್ನೆ: ಸರ್, ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ 1972ರ ಎಂಜಿಬಿ ಜಿಟಿ ಅನ್ನುವ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡೆ. ಚಳಿಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು. ಹೊರಗೆ ತೆಗೆದಾಗಿನಿಂದ ರಿವರ್ಸ್ ಹಾಕಿದರೆ ಕರ್ ಅನ್ನುತ್ತದೆ. ಫಸ್ಟ್ ಗೇರೂ ಬಿಗಿ. ಪೆಡಲ್ ಎರಡು ಮೂರು ಸಲ ಒತ್ತಿದರೆ ಸುಲಭವಾಗಿ ಬೀಳುತ್ತದೆ. ಗೇರ್‌ಬಾಕ್ಸ್ ಪಕ್ಕದಲ್ಲಿ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಒದ್ದೆಯಾಗಿತ್ತು, ಅದರ ರಬ್ಬರ್ ಕಿಟ್ ನಾನೇ ಬದಲಾಯಿಸಿ ಏರ್ ತೆಗೆದೆ. ಈಗ ಸೋರುತ್ತಿಲ್ಲ, ಆದರೂ ತೊಂದರೆ ಹಾಗೇ ಇದೆ. ಇಲ್ಲಿನ ಒಂದು ಗ್ಯಾರೇಜಿನವರು ಕ್ಲಚ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ನಿಜವಾ? ಇನ್ನೇನಾದರೂ ನೋಡಬಹುದಾ?

ಉತ್ತರ: ಖಂಡಿತ ನೋಡಬಹುದು. ಬೇರೆ ಎಲ್ಲವನ್ನೂ ನೋಡುವವರೆಗೆ ಎಂಜಿನ್ ಮುಟ್ಟಲು ಬಿಡಬೇಡಿ. ನೀವು ಬರೆದಿರುವ ಲಕ್ಷಣ ಓದಿದರೆ, ತೊಂದರೆ ಹೊರಗೇ ಇದೆ ಅಂತ ನನಗೆ ಬಲವಾಗಿ ಅನಿಸುತ್ತಿದೆ.

ಮೊದಲು ಒಂದು ಮಾತು. "ಕ್ಲಚ್ ಹೋಗಿದೆ" ಅನ್ನುವುದಕ್ಕೆ ಎರಡು ಅರ್ಥ ಇದೆ, ಎರಡೂ ಒಂದಕ್ಕೊಂದು ವಿರುದ್ಧ. ಒಂದು, ಕ್ಲಚ್ ಹಿಡಿಯುತ್ತಿಲ್ಲ. ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಇನ್ನೊಂದು, ಕ್ಲಚ್ ಬಿಡುತ್ತಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಎಂಜಿನ್ನು ಗೇರ್‌ಬಾಕ್ಸನ್ನು ಸುತ್ತಿಸುತ್ತಲೇ ಇರುತ್ತದೆ, ಹಾಗಾಗಿ ಗೇರ್ ಕರ್ ಅನ್ನುತ್ತದೆ. ನಿಮ್ಮದು ಎರಡನೆಯದು. ಕ್ಲಚ್ ಪ್ಲೇಟ್ ಸವೆದರೆ ಸಾಮಾನ್ಯವಾಗಿ ಮೊದಲನೆಯ ತೊಂದರೆ ಬರುತ್ತದೆ. ಬರೀ ಪ್ಲೇಟ್ ಸವೆದಿರುವುದರಿಂದ ಗೇರ್ ಬೀಳದೆ ಇರುವುದಿಲ್ಲ. ಹಾಗಾಗಿ ಆ ಗ್ಯಾರೇಜಿನವರು ಯಾವ ಆಧಾರದ ಮೇಲೆ ಹಾಗಂದರು ಅಂತ ಕೇಳಲೇಬೇಕು.

ಪೆಡಲ್ ಪದೇಪದೇ ಒತ್ತಿದರೆ ಗೇರ್ ಬೀಳುತ್ತದೆ ಅಂತ ಬರೆದಿದ್ದೀರಲ್ಲ, ಅದು ಬಹಳ ಮುಖ್ಯವಾದ ಸುಳಿವು. ಬೆಲ್ ಹೌಸಿಂಗ್, ಅಂದರೆ ಕ್ಲಚ್ ಕೂರುವ ಗೂಡಿನ ಒಳಗೆ ಏನಾದರೂ ಮುರಿದಿದ್ದರೆ ಅಥವಾ ಬಾಗಿದ್ದರೆ, ಪೆಡಲ್ ಎಷ್ಟು ಸಲ ಒತ್ತಿದರೂ ಅದು ಸರಿಹೋಗುವುದಿಲ್ಲ. ಒತ್ತಿ ಒತ್ತಿ ಸರಿಹೋಗುವುದು ಏರ್ ಸೇರಿಕೊಂಡಾಗ, ಇಲ್ಲವೇ ಸೀಲ್ ಸೋತಾಗ.

ಈಗ ಅಳತೆಗೆ ಬರೋಣ. ಎಂಜಿಬಿಯಲ್ಲಿ ಕ್ಲಚ್ ಪೆಡಲ್ಲಿಗೂ ಗೇರ್‌ಬಾಕ್ಸಿಗೂ ನಡುವೆ ಕೇಬಲ್ ಇಲ್ಲ, ಆಯಿಲ್ ಇದೆ. ಪೆಡಲ್ ಮೇಲಿರುವ ಮಾಸ್ಟರ್ ಸಿಲಿಂಡರಿನ ಒಳ ಅಗಲ ಮುಕ್ಕಾಲು ಇಂಚು. ಗೇರ್‌ಬಾಕ್ಸಿನ ಬಲಗಡೆ ಇರುವ ಸ್ಲೇವ್ ಸಿಲಿಂಡರಿನದು ಒಂದೂಕಾಲು ಇಂಚು. ಲೆಕ್ಕ ಹಾಕಿದರೆ ಸ್ಲೇವಿನ ಪಿಸ್ಟನ್ ಮುಖ ಮಾಸ್ಟರಿನದಕ್ಕಿಂತ ಸುಮಾರು 2.8 ಪಟ್ಟು ದೊಡ್ಡದು. ಅಂದರೆ ಮೇಲೆ 2.8 ಮಿಲಿಮೀಟರ್ ತಳ್ಳಿದರೆ ಕೆಳಗೆ 1 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಕಾಲಿನ ಬಲ ಹೆಚ್ಚಿಸಲು ಹೀಗೆ ಮಾಡಿದ್ದಾರೆ, ಆದರೆ ಅದಕ್ಕೆ ಬೆಲೆಯಾಗಿ ಓಟ ಕಡಿಮೆಯಾಗುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಸ್ಲೇವಿನ ಪುಶ್ ರಾಡ್ ಸುಮಾರು ಅರ್ಧ ಇಂಚು, ಅಂದರೆ 12ರಿಂದ 13 ಮಿಲಿಮೀಟರ್ ಸರಿಯಬೇಕು. ಇದರಲ್ಲಿ ಒಂದೆರಡು ಮಿಲಿಮೀಟರ್ ಕಡಿಮೆಯಾದರೂ ಸಾಕು, ರಿವರ್ಸ್ ಕೂಗಲು ಶುರುಮಾಡುತ್ತದೆ.

ರಿವರ್ಸೇ ಯಾಕೆ ಮೊದಲು ಕೂಗುತ್ತದೆ? ಅದಕ್ಕೆ ಸಿಂಕ್ರೋಮೆಶ್, ಅಂದರೆ ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಭಾಗ, ಇಲ್ಲ. ನಿಮ್ಮ ಗಾಡಿಯಲ್ಲಿ ಮುಂದಿನ ನಾಲ್ಕೂ ಗೇರಿಗೆ ಸಿಂಕ್ರೋ ಇದೆ, 1967ರ ಕೊನೆಯಿಂದ ಹಾಗೆ ಬಂತು. ಆ ಗೇರುಗಳು ಕ್ಲಚ್ಚಿನ ಸಣ್ಣ ತಪ್ಪನ್ನು ಸ್ವಲ್ಪ ಮಟ್ಟಿಗೆ ಮುಚ್ಚಿಬಿಡುತ್ತವೆ. ರಿವರ್ಸ್ ಮುಚ್ಚುವುದಿಲ್ಲ.

ಅಳೆಯುವುದು ಹೀಗೆ. ಗಾಡಿಯನ್ನು ಎತ್ತಿ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ, ಎಷ್ಟೇ ಅವಸರ ಇದ್ದರೂ ಬೇಡ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ನೆಲದ ಮೇಲಿರುವ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು. ಮನೆಯವರು ಯಾರಾದರೂ ಸೀಟಿನಲ್ಲಿ ಕೂತು ಪೆಡಲ್ ನಿಧಾನವಾಗಿ ಪೂರ್ತಿ ಒತ್ತಿ ಹಿಡಿಯಲಿ. ನೀವು ಕೆಳಗಿನಿಂದ ಸ್ಟೀಲ್ ಸ್ಕೇಲ್ ಹಿಡಿದು ಪುಶ್ ರಾಡ್ ಎಷ್ಟು ಸರಿಯಿತು ನೋಡಿ. ರಾಡಿನ ಜೊತೆಗೆ, ಅದು ತಳ್ಳುವ ಫೋರ್ಕಿನ (ಕ್ಲಚ್ ಬಿಡಿಸುವ ಸನ್ನೆ) ತುದಿ ಎಷ್ಟು ಸರಿಯಿತು ಅನ್ನುವುದನ್ನೂ ನೋಡಿ. ಎರಡರ ನಡುವೆ ವ್ಯತ್ಯಾಸ ಇದ್ದರೆ ಅಲ್ಲಿರುವ ಪಿನ್ ಸವೆದಿದೆ.

ಒತ್ತಿದ ಪೆಡಲನ್ನು ಒಂದು ನಿಮಿಷ ಹಾಗೇ ಹಿಡಿದಿರಲು ಹೇಳಿ. ನಿಮ್ಮ ಕಣ್ಣು ರಾಡಿನ ಮೇಲೇ ಇರಲಿ. ರಾಡ್ ಮೆಲ್ಲಗೆ ವಾಪಸ್ ಜಾರಿತು, ಆದರೆ ಎಲ್ಲೂ ಒದ್ದೆ ಇಲ್ಲ ಅಂದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲನ್ನು ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿದೆ. ಇದು ಹೊರಗೆ ಸೋರದ ಸೋರಿಕೆ. ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿಯುವುದೇ ಇಲ್ಲ, ಅದಕ್ಕೇ ಬಹಳ ಜನ ಮೋಸ ಹೋಗುತ್ತಾರೆ. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿ ನಿಂತಾಗ ಗಾಡಿ ತಾನಾಗಿ ಮುಂದಕ್ಕೆ ತೆವಳಲು ಶುರುಮಾಡಿದರೆ ಅದೂ ಇದೇ ಕಥೆ.

ಇನ್ನು ಪೆಡಲ್ ಬಿಟ್ಟಾಗ ರಾಡ್ ಥಟ್ಟನೆ ವಾಪಸ್ ಬರಬೇಕು. ತಡವಾಗಿ ಬಂದರೆ ರಬ್ಬರ್ ಹೋಸ್ ಮೇಲೆ ಅನುಮಾನ ಪಡಿ. ಹಳೆಯ ಹೋಸ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಒತ್ತಡ ಕೊಟ್ಟಾಗ ಹೋಸ್ ಹೊರಕ್ಕೆ ಉಬ್ಬುತ್ತದಾ ಅಂತ ಕೈಯಿಟ್ಟು ನೋಡಿ. ಉಬ್ಬಿದರೆ ನಿಮ್ಮ ಕಾಲಿನ ಓಟವನ್ನೆಲ್ಲ ಅದೇ ನುಂಗುತ್ತಿದೆ. ಅದಕ್ಕೆ ಎಷ್ಟು ವಯಸ್ಸಾಗಿದೆ ಅಂತ ಗೊತ್ತಿಲ್ಲದಿದ್ದರೆ ಸುಮ್ನೆ ಬದಲಾಯಿಸಿಬಿಡಿ, ಅಗ್ಗದ ಸಾಮಾನು.

ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ಏರ್ ಮೇಲೆ. ಎಂಜಿಬಿ ಕ್ಲಚ್ಚಿನಿಂದ ಏರ್ ತೆಗೆಯುವುದು ಹಟಮಾರಿ ಕೆಲಸ. ಬ್ರೇಕಿನ ಹಾಗೆ ಪೆಡಲ್ ಒತ್ತಿ, ಸ್ಲೇವ್ ಮೇಲಿರುವ ಏರ್ ಬಿಡುವ ನಿಪ್ಪಲ್ ಬಿಚ್ಚಿ, ಮುಚ್ಚಿ ಅಂತ ಹತ್ತು ಸಲ ಮಾಡಿದರೂ ಒಂದು ಗುಳ್ಳೆ ಒಳಗೇ ಉಳಿಯುತ್ತದೆ. ಕಾರಣ ಸರಳ. ಏರ್ ಯಾವಾಗಲೂ ಮೇಲಕ್ಕೆ ಹೋಗಲು ನೋಡುತ್ತದೆ. ನಾವು ಮೇಲಿನಿಂದ ಆಯಿಲ್ ತಳ್ಳಿ ಅದನ್ನು ಕೆಳಗಿನ ನಿಪ್ಪಲ್ಲಿನಿಂದ ಹೊರಡಿಸಲು ಒದ್ದಾಡುತ್ತೇವೆ. ಹಾಗಾಗಿ ಅದಕ್ಕೆ ಬೇಕಾದ ದಾರಿಯನ್ನೇ ಕೊಡಿ. ದೊಡ್ಡ ಸಿರಿಂಜ್ ಒಂದನ್ನು ತಗೊಳ್ಳಿ, ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಹೊಸ ಆಯಿಲ್ ತುಂಬಿ. ಟ್ಯೂಬಿನಲ್ಲಿ ಗುಳ್ಳೆ ಇಲ್ಲದಂತೆ ನೋಡಿಕೊಂಡು ಸ್ಲೇವಿನ ನಿಪ್ಪಲ್ಲಿಗೆ ಹಾಕಿ. ಮಾಸ್ಟರ್ ಡಬ್ಬಿಯಿಂದ ಮೊದಲೇ ಮುಕ್ಕಾಲು ಭಾಗ ಆಯಿಲ್ ತೆಗೆದಿರಿ. ನಿಪ್ಪಲ್ ಬಿಚ್ಚಿ ಕೆಳಗಿನಿಂದ ನಿಧಾನವಾಗಿ ತಳ್ಳಿ. ಮೇಲೆ ಡಬ್ಬಿಯಲ್ಲಿ ಗುಳ್ಳೆಗಳು ಬುಳುಬುಳು ಅಂತ ಏಳುವುದನ್ನು ನಿಮ್ಮ ಸಹಾಯಕರು ನೋಡುತ್ತಾರೆ.

ಅದಕ್ಕೂ ಬಗ್ಗದಿದ್ದರೆ ಸ್ಲೇವಿನ ಎರಡು ಬೋಲ್ಟ್ ಬಿಚ್ಚಿ, ಹೋಸ್ ಹಾಗೇ ಇರಲಿ, ಸಿಲಿಂಡರನ್ನು ಕೈಯಲ್ಲಿ ಹಿಡಿಯಿರಿ. ಹೋಸ್ ಸೇರುವ ಕಡೆ ಮೇಲೆ ಬರುವಂತೆ ಓರೆ ಮಾಡಿ ಪಿಸ್ಟನ್ನನ್ನು ಪೂರ್ತಿ ಒಳಕ್ಕೆ ಒತ್ತಿ. ಒಳಗಿದ್ದ ಏರ್ ಪೈಪಿನಲ್ಲಿ ಮೇಲಕ್ಕೆ ಓಡುತ್ತದೆ. ಈ ಹೊತ್ತಿನಲ್ಲಿ ಯಾರೂ ಪೆಡಲ್ ಮುಟ್ಟಬಾರದು. ಮುಟ್ಟಿದರೆ ಪಿಸ್ಟನ್ ಹಾರಿ ಬರುತ್ತದೆ, ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಆಯಿಲ್ ಅಂತ ಬಾಯಿಮಾತಿಗೆ ಹೇಳುತ್ತಿದ್ದೇನೆ, ಹಾಕಬೇಕಾದ್ದು ಡಾಟ್ 4 ಬ್ರೇಕ್ ಫ್ಲೂಯಿಡ್. ಎಂಜಿನ್ ಆಯಿಲ್ ಅಥವಾ ಬೇರೆ ಯಾವುದೇ ಖನಿಜ ಎಣ್ಣೆ ಒಂದು ಹನಿಯೂ ಬೀಳಬಾರದು, ರಬ್ಬರ್ ಸೀಲುಗಳೆಲ್ಲ ಊದಿ ಹಾಳಾಗುತ್ತವೆ. ಬಣ್ಣದ ಮೇಲೆ ಫ್ಲೂಯಿಡ್ ಚೆಲ್ಲಿದರೆ ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಿರಿ. ಇಲ್ಲದಿದ್ದರೆ ಬಣ್ಣ ಸಿಪ್ಪೆ ಏಳುತ್ತದೆ. ಈ ಫ್ಲೂಯಿಡ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅನ್ನುವುದು ಅದಕ್ಕೇ.

ಅದೇ ಪಸೆ ನಿಮ್ಮ ಸ್ಲೇವ್ ಸಿಲಿಂಡರಿಗೂ ಏಟು ಕೊಟ್ಟಿರಬಹುದು. ಕಿಟ್ ಹಾಕುವಾಗ ಸಿಲಿಂಡರಿನ ಒಳಗೋಡೆ ನೋಡಿದಿರಾ? ಕನ್ನಡಿಯ ಹಾಗೆ ನುಣುಪಾಗಿದ್ದರೆ ಕಿಟ್ ಸಾಕು. ತುಕ್ಕಿನ ಸಣ್ಣ ಗುಳಿಗಳಿದ್ದರೆ ಹೊಸ ಸೀಲನ್ನು ಅವು ತಿಂದುಹಾಕುತ್ತವೆ, ಕೆಲವು ವಾರದಲ್ಲಿ ಮತ್ತೆ ಒದ್ದೆ. ಗುಳಿ ಬಿದ್ದ ಸಿಲಿಂಡರಿಗೆ ಕಿಟ್ ಹಾಕುವುದನ್ನು ನಾನು ಬಹಳ ಹಿಂದೆಯೇ ನಿಲ್ಲಿಸಿದೆ. ಪೂರ್ತಿ ಹೊಸದೇ ಹಾಕುತ್ತೇನೆ. ಒಂದು ಸಿಲಿಂಡರ್ ಹೋದರೆ ಅದೇ ವಯಸ್ಸಿನ ಇನ್ನೊಂದೂ ಹಿಂದೆಯೇ ಹೋಗುತ್ತದೆ, ಹಾಗಾಗಿ ಮಾಸ್ಟರನ್ನೂ ಈಗಲೇ ನೋಡಿ. ಪೆಡಲ್ ಮೇಲ್ಭಾಗ, ಅದರ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಜಿಡ್ಡು ತಗುಲಿದರೆ ಮಾಸ್ಟರ್ ಹಿಂಬದಿಯಿಂದ ಸೋರುತ್ತಿದೆ.

ಈಗ ನನ್ನ ಎರಡನೆಯ ಅನುಮಾನ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ಪಾಠ ಕಲಿತದ್ದು ಇಲ್ಲೇ. ಪೆಡಲ್ ಮತ್ತು ಮಾಸ್ಟರಿನ ಪುಶ್ ರಾಡನ್ನು ಜೋಡಿಸುವುದು ಒಂದು ಸಣ್ಣ ಪಿನ್. ಕ್ಲೆವಿಸ್ ಪಿನ್ ಅನ್ನುತ್ತಾರೆ. ಐದು-ಹದಿನಾರು ಇಂಚು, ಹತ್ತಿರ ಹತ್ತಿರ 8 ಮಿಲಿಮೀಟರ್ ದಪ್ಪ. ಐವತ್ತು ವರ್ಷದಲ್ಲಿ ಲಕ್ಷಾಂತರ ಸಲ ಒತ್ತಿಸಿಕೊಂಡು ಪಿನ್ನಿನ ನಡು ಸಣ್ಣಗಾಗಿರುತ್ತದೆ, ಪೆಡಲಿನ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಎಲ್ಲ ಸೇರಿ 3 ಮಿಲಿಮೀಟರ್ ಸಡಿಲ ಆಯಿತು ಅನ್ನಿ. ಆಗಲೇ ಹೇಳಿದ ಲೆಕ್ಕದಲ್ಲಿ ಕೆಳಗೆ 1 ಮಿಲಿಮೀಟರಿಗಿಂತ ಜಾಸ್ತಿ ಹೋಯಿತು. ಸ್ಲೇವಿನ ತುದಿಯಲ್ಲೂ ಇಂಥದ್ದೇ ಪಿನ್ ಇದೆ. ಅಲ್ಲಿ ಸವೆದರೆ ಭಾಗಿಸುವ ಲೆಕ್ಕವೇ ಇಲ್ಲ, ಸವೆದಷ್ಟೂ ನೇರ ನಷ್ಟ.

ನಾನು ದಾವಣಗೆರೆಯ ಗ್ಯಾರೇಜಿನಲ್ಲಿ ಅಂಬಾಸಿಡರ್ ಬಿಚ್ಚಿ ಜೋಡಿಸಿ ಕೆಲಸ ಕಲಿತವನು. ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ನಿಮ್ಮ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಮನೆತನದವು, ಬಿಎಂಸಿ ಕಂಪನಿಯ ಬಿ-ಸೀರೀಸ್. ಹಾಗಾಗಿ ಮೊದಲ ಎಂಜಿಬಿ ನನ್ನ ಕೈಗೆ ಬಂದಾಗ ಹಳೆಯ ಪರಿಚಯದವರು ಸಿಕ್ಕ ಹಾಗಾಯಿತು, ಧೈರ್ಯ ಜಾಸ್ತಿಯಾಯಿತು. ಗೇರ್ ಬೀಳುತ್ತಿಲ್ಲ ಅಂದರು, ನಾನು ಅಳೆಯದೆ ಎಂಜಿನ್ ಇಳಿಸಿದೆ. ಕ್ಲಚ್ ಪ್ಲೇಟ್ ಹೊಸದರ ಹಾಗಿತ್ತು. ಆದರೂ ಬದಲಾಯಿಸಿ, ಎರಡು ದಿನ ಕೂತು ಎಂಜಿನ್ ಕೂರಿಸಿದೆ. ಪೆಡಲ್ ಒತ್ತಿದರೆ ಅದೇ ಕರ್. ಆಮೇಲೆ ಪೆಡಲ್ ಬಾಕ್ಸಿನ ಮುಚ್ಚಳ ತೆಗೆದು ನೋಡಿದರೆ ಪಿನ್ ಅರ್ಧ ಸವೆದು ನಿಂತಿತ್ತು. ಗಾಡಿಯವರಿಗೆ ಕೂಲಿ ವಾಪಸ್ ಕೊಟ್ಟೆ. ಅವತ್ತಿನಿಂದ ನನ್ನ ಪೆಟ್ಟಿಗೆಯಲ್ಲಿ ಸ್ಟೀಲ್ ಸ್ಕೇಲ್ ಸ್ಪ್ಯಾನರಿಗಿಂತ ಮೇಲೆ ಇರುತ್ತದೆ.

ಪರೀಕ್ಷೆ ಸುಲಭ. ಪೆಡಲನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ಪುಶ್ ರಾಡ್ ಕದಲುವ ಮುಂಚೆ ಪೆಡಲ್ ಎಷ್ಟು ದೂರ ಸುಮ್ನೆ ಹೋಗುತ್ತದೆ ನೋಡಿ. ಸ್ವಲ್ಪ ಸಡಿಲ ಇರಲೇಬೇಕು, ಒಂದು ಇಂಚು ಇರಬಾರದು. ಹೊಸ ಪಿನ್ ಹಾಕಿ. ತೂತು ಉದ್ದವಾಗಿದ್ದರೆ ವೆಲ್ಡ್ ಮಾಡಿ ತುಂಬಿಸಿ ಸರಿಯಾದ ಅಳತೆಗೆ ಮತ್ತೆ ಕೊರೆಸಿ. ಹಳೆಯ ಪಿನ್ ತಿರುಗಿಸಿ ಹಾಕುವುದು, ಒಳಗೆ ತಗಡು ಸುತ್ತುವುದು ಬೇಡ. ಹಾಗೇ ಪೆಡಲ್ ಕೆಳಗಿನ ಕಾರ್ಪೆಟ್ ನೋಡಿ. ದಪ್ಪ ಕಾರ್ಪೆಟ್, ಅದರ ಮೇಲೆ ರಬ್ಬರ್ ಮ್ಯಾಟ್ ಇದ್ದರೆ ಪೆಡಲ್ ನೆಲ ಮುಟ್ಟುವ ಮುಂಚೆಯೇ ನಿಲ್ಲುತ್ತದೆ. ಮ್ಯಾಟ್ ತೆಗೆದಿದ್ದರಿಂದಲೇ ಸರಿಹೋದ ಗಾಡಿಗಳನ್ನೂ ನೋಡಿದ್ದೇನೆ.

ಒಂದು ವೇಳೆ ಫೋರ್ಕ್ ಪೂರ್ತಿ 12-13 ಮಿಲಿಮೀಟರ್ ಸರಿಯುತ್ತಿದೆ, ಪೆಡಲ್ ಗಟ್ಟಿ ಇದೆ, ಆದರೂ ರಿವರ್ಸ್ ಕೂಗುತ್ತದೆ ಅಂದರೆ ಆಗ ತೊಂದರೆ ಒಳಗಿದೆ. ಪೆಡಲ್ ಒತ್ತಿ ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಅಷ್ಟರಲ್ಲಿ ಗೇರ್‌ಬಾಕ್ಸ್ ಸುತ್ತುವುದು ನಿಂತಿರುತ್ತದೆ. ಕಾದ ಮೇಲೂ ಕೂಗಿದರೆ ಯಾವುದೋ ಒಂದು ಅದನ್ನು ಎಳೆಯುತ್ತಿದೆ. ಪ್ಲೇಟ್ ಬಾಗಿರಬಹುದು. ಶೆಡ್ಡಿನ ತೇವಕ್ಕೆ ಶಾಫ್ಟಿನ ಹಲ್ಲುಗಳ ಮೇಲೆ ತುಕ್ಕು ಬಂದು ಪ್ಲೇಟ್ ಜಾರದೆ ಇರಬಹುದು. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕೂರುವ ಒಂದು ಕಂಚಿನ ಬುಶ್ ಇದೆ, ಅದು ಒಣಗಿ ಶಾಫ್ಟನ್ನು ಹಿಡಿದುಕೊಂಡಿರಬಹುದು. ಈ ಬುಶ್ ಬಗ್ಗೆ ಬಹಳ ಜನ ಯೋಚಿಸುವುದೇ ಇಲ್ಲ. ಪ್ಲೇಟ್ ಫ್ಲೈವೀಲಿಗೆ (ಎಂಜಿನ್ನಿನ ಭಾರದ ಚಕ್ರ) ಪೂರ್ತಿ ಅಂಟಿಕೊಂಡಿದ್ದರೆ ಎಂಜಿನ್ ಓಡುವಾಗ ಯಾವ ಗೇರೂ ಬೀಳುತ್ತಿರಲಿಲ್ಲ, ಹಾಗಾಗಿ ನಿಮ್ಮದು ಅದಲ್ಲ.

ಸದ್ದನ್ನೂ ಕೇಳಿಸಿಕೊಳ್ಳಿ. ಪೆಡಲ್ ಒತ್ತಿದಾಗ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್, ಅಂದರೆ ಫೋರ್ಕ್ ಕ್ಲಚ್ಚಿಗೆ ಒತ್ತುವ ಭಾಗ. ಎಂಜಿಬಿಯಲ್ಲಿ ಅದು ಗುಂಡುಗಳ ಬೇರಿಂಗ್ ಅಲ್ಲ, ಇಂಗಾಲದ ಒಂದು ಬಳೆ. ಉಜ್ಜಿ ಉಜ್ಜಿ ಸವೆಯುವುದೇ ಅದರ ಸ್ವಭಾವ. ಹಾಗಾಗಿ ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿ ನಿಲ್ಲಬೇಡಿ, ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಓಡಿಸುವಾಗ ಪೆಡಲ್ ಮೇಲೆ ಕಾಲಿಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಇದಕ್ಕೆ ವಿರುದ್ಧವಾಗಿ, ನ್ಯೂಟ್ರಲ್‌ನಲ್ಲಿ ಗುಂಯ್ ಅನ್ನುವ ಸದ್ದು ಪೆಡಲ್ ಒತ್ತಿದ ತಕ್ಷಣ ನಿಂತರೆ ಅದು ಗೇರ್‌ಬಾಕ್ಸಿನ ಮುಂದಿನ ಬೇರಿಂಗ್, ಕ್ಲಚ್ಚಿಗೆ ಸಂಬಂಧ ಇಲ್ಲ.

ನಿಮಗೆ ಈಗ ಸ್ಲಿಪ್, ಅಂದರೆ ಕ್ಲಚ್ ಹಿಡಿಯದ ತೊಂದರೆ ಇಲ್ಲ, ಆದರೂ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಗಾಡಿಯಲ್ಲಿ ಓವರ್‌ಡ್ರೈವ್ (ಎಂಜಿನ್ ವೇಗ ಇಳಿಸುವ ಹೆಚ್ಚುವರಿ ಗೇರ್) ಇದ್ದರೆ ಅದು ಮೂರನೇ ಮತ್ತು ನಾಲ್ಕನೇ ಗೇರಿನಲ್ಲಿ ಕೆಲಸ ಮಾಡುತ್ತದೆ. ಅದು ಸ್ಲಿಪ್ ಆದರೂ ಕ್ಲಚ್ ಸ್ಲಿಪ್ ಆದ ಹಾಗೇ ಅನಿಸುತ್ತದೆ. ಓವರ್‌ಡ್ರೈವ್ ಆಫ್ ಮಾಡಿ ನಾಲ್ಕನೇ ಗೇರಿನಲ್ಲಿ ಜೋರಾಗಿ ಒತ್ತಿ ನೋಡಿ. ಗಾಡಿ ಎಳೆದರೆ ಕ್ಲಚ್ ಸರಿಯಿದೆ.

ಕೊನೆಗೂ ಎಂಜಿನ್ ಇಳಿಸಲೇಬೇಕಾಗಿ ಬಂದರೆ, ಎಂಜಿಬಿಯಲ್ಲಿ ಬೇರೆ ದಾರಿ ಇಲ್ಲ. ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಇಳಿಸಲು ಬರುವುದಿಲ್ಲ. ಎಂಜಿನ್ ಒಂದನ್ನೇ, ಇಲ್ಲವೇ ಎರಡನ್ನೂ ಒಟ್ಟಿಗೆ ಮುಂದಿನಿಂದ ಎತ್ತಬೇಕು. ಅಷ್ಟು ದೊಡ್ಡ ಕೆಲಸ ಮಾಡಿದ ಮೇಲೆ ಒಳಗೆ ಹಳೆಯದನ್ನು ಬಿಡುವುದು ತಪ್ಪು. 8 ಇಂಚಿನ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದಿರಲಿ. ಕಂಚಿನ ಬುಶ್ ಬದಲಾಯಿಸಿ, ಹಾಕುವ ಮುಂಚೆ ಒಂದು ರಾತ್ರಿ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಎಂಜಿನ್ ಹಿಂದಿನ ಆಯಿಲ್ ಸೀಲ್, ಫೋರ್ಕಿನ ಬುಶ್ ನೋಡಿ. ಪ್ಲೇಟನ್ನು ಸರಿಯಾದ ಮುಖಕ್ಕೆ ಹಾಕಿ, ಡಮ್ಮಿ ಶಾಫ್ಟ್ ಇಟ್ಟು ನಡುಮಧ್ಯಕ್ಕೆ ತನ್ನಿ. ಜೋಡಿಸುವಾಗ ಗೇರ್‌ಬಾಕ್ಸಿನ ಭಾರ ಒಂದು ಕ್ಷಣವೂ ಪ್ಲೇಟ್ ಮೇಲೆ ನೇತುಬೀಳಬಾರದು. ಬಿದ್ದರೆ ಹೊಸ ಪ್ಲೇಟ್ ಬಾಗಿ, ಮತ್ತೆ ಅದೇ ಕರ್.

ಈ ಕೆಲಸ ಮುಗಿಯುವವರೆಗೆ ಗಾಡಿ ದೂರ ಒಯ್ಯಬೇಡಿ. ದಾರಿಯಲ್ಲಿ ಪೆಡಲ್ ಪೂರ್ತಿ ನೆಲಕ್ಕೆ ಬಿದ್ದುಹೋದರೆ ಮೊದಲು ಗಾಡಿಯನ್ನು ಪಕ್ಕಕ್ಕೆ ಹಾಕಿ ಡಬ್ಬಿಯಲ್ಲಿ ಫ್ಲೂಯಿಡ್ ನೋಡಿ. ಖಾಲಿಯಾಗಿದ್ದರೆ ತುಂಬಿ ಹತ್ತಿಪ್ಪತ್ತು ಸಲ ಒತ್ತಿದರೆ ಮನೆ ಮುಟ್ಟುವಷ್ಟು ಜೀವ ಬರಬಹುದು. ಡಿಕ್ಕಿಯಲ್ಲಿ ಒಂದು ಸಣ್ಣ ಡಾಟ್ 4 ಬಾಟಲಿ ಇರಲಿ.

ಈ ಶನಿವಾರ ಅಳೆದು ಮೂರು ವಿಷಯ ನನಗೆ ಬರೆಯಿರಿ. ರಾಡ್ ಎಷ್ಟು ಮಿಲಿಮೀಟರ್ ಸರಿಯಿತು, ಫೋರ್ಕ್ ಎಷ್ಟು ಸರಿಯಿತು, ಒಂದು ನಿಮಿಷ ಹಿಡಿದಾಗ ರಾಡ್ ಜಾರಿತಾ ಇಲ್ಲವಾ. ಪಿನ್ನಿನ ಒಂದು ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ಗ್ಯಾರೇಜಿನವರಿಗೆ ಒಂದು ವಾರ ತಡೆಯಿರಿ ಅಂತ ಹೇಳಿ.